ದೂರದೂರಿನಲ್ಲಿ ಬಾಯಿಗೆ ಬರುವ ಹಾಡು

ಊರು ಬಿಟ್ಟು ದೂರ ಇರುವವರ, ಹೊರಟು ನಿಂತವರ, ಮಕ್ಕಳನ್ನು ಕಳಿಸಿ ದಾರಿ ಕಾಯುತ್ತಿರುವವರ ಪತ್ರಗಳು ಈ ಸಲ ಒಟ್ಟಿಗೇ ಬಂದಿವೆ. ಎಲ್ಲವೂ ಕಾರವಾರ, ಅಂಕೋಲಾ ಸೀಮೆಗೆ ಸಂಬಂಧಿಸಿದವು. ಎಲ್ಲರ ಪ್ರಶ್ನೆಯಲ್ಲೂ ದೇವರಿದ್ದಾನೆ, ಹಾಡಿದೆ. ಹೆಸರು, ಮನೆಯ ಗುರುತು ಬಿಟ್ಟು ಪತ್ರದ ತಿರುಳನ್ನಷ್ಟೇ ಕೊಟ್ಟಿದ್ದೇವೆ. ಉತ್ತರಿಸಿದವರು ಕರಾವಳಿಯ ಇಗರ್ಜಿಗಳಲ್ಲಿ ಬಹುಕಾಲ ಗಾನವೃಂದ ನಡೆಸಿದ ಸಂಗೀತ ಶಿಕ್ಷಕರು.

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಅವರ್ಸಾದವನು. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಒಮ್ಮೆ ಹತ್ತಿದರೆ ತಿಂಗಳುಗಟ್ಟಲೆ ಇಳಿಯುವ ಮಾತಿಲ್ಲ. ಊರಲ್ಲಿದ್ದಾಗ ಭಾನುವಾರದ ಪೂಜೆ ತಪ್ಪಿಸಿದವನಲ್ಲ, ಕೊಯರಿನಲ್ಲಿ ಹಾಡುತ್ತಿದ್ದೆ. ಇಲ್ಲಿ ಭಾನುವಾರವೂ ಒಂದೇ, ಮಂಗಳವಾರವೂ ಒಂದೇ. ಕೊಂಕಣಿ ಭಕ್ತಿಗೀತೆಗಳನ್ನು ಫೋನಿನಲ್ಲಿ ತುಂಬಿಸಿಕೊಂಡು ಬಂದಿದ್ದೇನೆ. ಮೊದಮೊದಲು ಕೇಳಿದರೆ ಸಮಾಧಾನವಾಗುತ್ತಿತ್ತು. ಈಗ ಹಾಡು ಅದರ ಪಾಡಿಗೆ ಓಡುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ನನ್ನ ವಿಶ್ವಾಸವೇ ಸಡಿಲವಾಯಿತೇ?

ಉತ್ತರ: ಇಲ್ಲ ತಮ್ಮಾ. ಸಡಿಲವಾಗಿದ್ದರೆ ನೀನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಊರಿನ ಕೊಯರಿನಲ್ಲಿ ನಿನಗೊಂದು ಕೆಲಸವಿತ್ತು. ಪಕ್ಕದವನ ದನಿಗೆ ಕಿವಿಗೊಡಬೇಕು, ಕೀಬೋರ್ಡಿನವನು ಒಂದು ಸುತ್ತು ಬಾರಿಸಿ ಮುಗಿಸುವವರೆಗೆ ಕಾಯಬೇಕು, ಸಾಲಿನ ಕೊನೆಯ ತನಕ ಉಸಿರು ಉಳಿಸಿಕೊಳ್ಳಬೇಕು. ಹಡಗು ಹತ್ತಿದ ಮೇಲೆ ಆ ಕೆಲಸ ನಿಂತಿತು, ಕೇಳುವುದಷ್ಟೇ ಉಳಿಯಿತು. ಕೇಳಿದ ಹಾಡು ಎಷ್ಟೇ ಒಳ್ಳೆಯದಿರಲಿ, ಕೆಲವು ವಾರಗಳಲ್ಲಿ ಹಡಗಿನ ಫ್ಯಾನಿನ ಸದ್ದಿನಲ್ಲೇ ಸೇರಿಹೋಗುತ್ತದೆ. ಇದು ನಿನ್ನೊಬ್ಬನ ಕತೆಯಲ್ಲ. ಗಲ್ಫಿನಿಂದ, ಹಡಗಿನಿಂದ ರಜೆಗೆ ಬಂದ ಎಷ್ಟೋ ಹುಡುಗರು ನನ್ನ ಹತ್ತಿರ ಇದನ್ನೇ ಹೇಳಿದ್ದಾರೆ.

ಸ್ವಲ್ಪ ದಿನ ಫೋನನ್ನು ಬದಿಗಿಡು. ಯಾವ ಯಾವ ಹಾಡು ನಿನಗೆ ಪೂರ್ತಿ ಬಾಯಿಗೆ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆ. ಪಲ್ಲವಿ ಎಲ್ಲರಿಗೂ ಬರುತ್ತದೆ. ಎರಡನೆಯ ಚರಣಕ್ಕೆ ತೊದಲುತ್ತಾರೆ, ಮೂರನೆಯದು ಪುಸ್ತಕವಿಲ್ಲದೆ ಆಗದು. ಎಲ್ಲಿ ತೊದಲುತ್ತೀಯೋ ಅಲ್ಲಿಂದ ಕಲಿಯಲು ಶುರುಮಾಡು. ಎಂಜಿನ್ ಕೋಣೆಯಲ್ಲಿ ಕಿವಿಗೆ ರಕ್ಷಣೆಯ ಮುಚ್ಚಿಗೆ ಹಾಕಿಕೊಂಡೇ ಕೆಲಸ ಮಾಡುತ್ತೀಯಲ್ಲವೇ? ಅದನ್ನು ಹಾಕಿಕೊಂಡು ಹಾಡಿ ನೋಡು. ಹೊರಗಿನ ಗದ್ದಲ ತಗ್ಗಿ ನಿನ್ನ ದನಿ ನಿನ್ನ ತಲೆಯೊಳಗೇ ಸ್ಪಷ್ಟವಾಗಿ ಕೇಳುತ್ತದೆ. ಶ್ರುತಿ ತಪ್ಪಿದರೆ ಕೂಡಲೇ ತಿಳಿಯುತ್ತದೆ. ಬೇರೆ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಸಂಕೋಚವೂ ಬೇಡ.

ನಿನ್ನ ತಾಲೂಕಿನವರೇ ಆದ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆದುಕೋ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಸಾವಿರಾರು ಹಾಡು ಆ ಅಜ್ಜಿಯ ನಾಲಿಗೆಯ ಮೇಲಿದ್ದವು. ಪುಸ್ತಕ ನೋಡಿ ಹಾಡಿದವರಲ್ಲ ಅವರು. ಅವರ ದೇವರು ಬೇರೆ, ಹಾಡು ಬೇರೆ ಇರಬಹುದು. ಆದರೆ ಬಾಯಿಪಾಠವಾದದ್ದನ್ನು ಯಾರೂ ಕಸಿಯಲಾರರು ಎನ್ನುವುದನ್ನು ನಾನು ಮೊದಲು ಕಂಡದ್ದು ಅಂಥ ಹಾಡುಗಾರ್ತಿಯರಲ್ಲೇ. ಜರ್ಮನಿಯ ಪಾದ್ರಿ ಡೀಟ್ರಿಖ್ ಬಾನ್‌ಹಾಫರ್ 1943ರಲ್ಲಿ ಹಿಟ್ಲರನ ಸರಕಾರದ ಸೆರೆಮನೆ ಸೇರಿದರು. 17ನೆಯ ಶತಮಾನದ ಪೌಲ್ ಗೆರ್ಹಾರ್ಟರ ಸ್ತುತಿಗೀತೆಗಳು ತಮಗೆ ಬಾಯಿಗೆ ಬರುತ್ತಿದ್ದುದು ಅಲ್ಲಿ ಎಷ್ಟು ಆಸರೆಯಾಯಿತೆಂದು ಮನೆಯವರಿಗೆ ಬರೆದ ಪತ್ರಗಳಲ್ಲಿ ಹೇಳಿದ್ದಾರೆ. 1945ರಲ್ಲಿ ಅವರನ್ನು ಗಲ್ಲಿಗೇರಿಸಿದರು. ಆ ಪತ್ರಗಳನ್ನು ಇವತ್ತಿಗೂ ಜನ ಓದುತ್ತಾರೆ.

ಇನ್ನು ಭಾನುವಾರದ ಮಾತು. ಹಡಗಿನ ಗಡಿಯಾರ ಯಾವ ದಿನ ಭಾನುವಾರ ಅನ್ನುತ್ತದೋ ಆ ದಿನ ಪಾಳಿ ಮುಗಿಸಿ, ಮಿಂದು, ಒಗೆದ ಅಂಗಿ ಹಾಕಿಕೋ. ಆ ದಿನದ ಸುವಾರ್ತೆ ಓದಿ ಎರಡು ಹಾಡು ಹೇಳು. ಅಂಗಿ ಬದಲಿಸುವುದು ಸಣ್ಣ ಸಂಗತಿ ಎಂದು ಬಿಡಬೇಡ, ವಾರಕ್ಕೆ ಮತ್ತೆ ಏಳು ದಿನಗಳಾಗುವುದು ಅದರಿಂದಲೇ. ಜೊತೆಗೆ ಫಿಲಿಪೈನ್ಸ್‌ನವರು ಇದ್ದೇ ಇರುತ್ತಾರೆ. ಜಗತ್ತಿನ ಹಡಗುಗಳಲ್ಲಿ ಅವರಿಲ್ಲದ ಹಡಗು ಕಡಿಮೆ, ಅವರಲ್ಲಿ ಹೆಚ್ಚಿನವರು ಕಥೋಲಿಕರು. ಡಿಸೆಂಬರ್ 16ರಿಂದ 24ರವರೆಗೆ ನಸುಕಿನಲ್ಲೇ ಎದ್ದು ಒಂಬತ್ತು ದಿನ ಪೂಜೆಗೆ ಹೋಗುವ ಸಂಪ್ರದಾಯದ ಜನ ಅವರು. ಹಾಡೋಣವೇ ಎಂದರೆ ಒಲ್ಲೆ ಅನ್ನಲಾರರು. ಬಂದರು ತಲುಪುವ ಮೊದಲೇ ಅಲ್ಲಿನ ‘ಸ್ಟೆಲ್ಲಾ ಮಾರಿಸ್’ನವರಿಗೆ ಸಂದೇಶ ಕಳಿಸು. ನಾವಿಕರಿಗಾಗಿ 1920ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಕಥೋಲಿಕ ಸೇವಾಸಂಸ್ಥೆ ಅದು. ದೊಡ್ಡ ಬಂದರುಗಳಲ್ಲಿ ಅದರ ಗುರುಗಳು, ಸ್ವಯಂಸೇವಕರು ಹಡಗಿನವರೆಗೇ ಬರುತ್ತಾರೆ. ಪಾಪನಿವೇದನೆ, ಪರಮಪ್ರಸಾದ ಬೇಕಿದ್ದರೆ ಮುಂಚೆಯೇ ಹೇಳಿಡು. ಹಡಗು ಕಟ್ಟೆಗೆ ತಾಗಿದ ಮೇಲೆ ಹೇಳಿದರೆ ಹೊತ್ತು ಸಾಲದು.

ಪ್ರಶ್ನೆ: ಕಾರವಾರ ಕೋಡಿಬಾಗದ ತಾಯಿ ನಾನು. ಮಗ ರಿಯಾದ್‌ನಲ್ಲಿದ್ದಾನೆ. ಅಲ್ಲಿ ಇಗರ್ಜಿಯೇ ಇಲ್ಲ. ಸಂಜೆ ಏಳೂವರೆಗೆ ನಮ್ಮ ಮನೆಯ ತೇರ್ಸ್, ಅಂದರೆ ಜಪಸರ. ಆ ಹೊತ್ತಿಗೆ ಅವನಿಗೆ ಫೋನ್ ಮಾಡಿ ಒಟ್ಟಿಗೆ ಹಾಡಲು ನೋಡಿದೆವು. ಅವನ ದನಿ ಹಿಂದೆ, ನಮ್ಮ ದನಿ ಮುಂದೆ ಆಗಿ ಎಲ್ಲ ಗೊಂದಲ. ಈಗ ಬಿಟ್ಟೇಬಿಟ್ಟಿದ್ದೇವೆ.

ಉತ್ತರ: ಅಮ್ಮಾ, ಮತ್ತೆ ಶುರುಮಾಡಿ. ಎರಡು ಸಂಗತಿ ಸರಿಪಡಿಸಿಕೊಂಡರೆ ಸಾಕು. ಮೊದಲನೆಯದು ಹೊತ್ತು. ನಿಮ್ಮ ಏಳೂವರೆ ಅಂದರೆ ಅವನಿಗೆ ಸಂಜೆ ಐದು, ಇನ್ನೂ ಕೆಲಸದ ಮೇಲಿರುತ್ತಾನೆ. ಎಂಟೂಮುಕ್ಕಾಲಿಗೆ ಇಟ್ಟುಕೊಳ್ಳಿ, ಅವನಿಗೆ ಆರೂಕಾಲಾಗಿರುತ್ತದೆ. ಊಟ ಸ್ವಲ್ಪ ತಡವಾದರೂ ಸರಿ.

ಎರಡನೆಯದು ದನಿಯ ಗೊಂದಲ. ಫೋನಿನಲ್ಲಿ ದನಿ ಅಲ್ಲಿಗೆ ಹೋಗಿ ಬರಲು ಕ್ಷಣ ಹಿಡಿಯುತ್ತದೆ. ಹಾಗಾಗಿ ಎರಡೂ ಕಡೆಯವರು ಒಟ್ಟಿಗೆ ಹಾಡಿದರೆ ಯಾವ ಕಾಲಕ್ಕೂ ಕೂಡುವುದಿಲ್ಲ. ಆದರೆ ತೇರ್ಸ್ ಇರುವುದೇ ಸರದಿಯ ಮೇಲೆ. ನಮೋ ಮರಿಯದ ಮೊದಲರ್ಧ ಒಬ್ಬರು, ಉಳಿದರ್ಧ ಉಳಿದವರು. ಲದಾಯಿನ್ ಕೂಡ ಹಾಗೆಯೇ, ಒಬ್ಬರು ಮಾತೆಯನ್ನು ಒಂದು ಬಿರುದಿನಿಂದ ಕರೆಯುತ್ತಾರೆ, ಮಂದಿಯೆಲ್ಲ ಒಂದೇ ಉತ್ತರ ಕೊಡುತ್ತಾರೆ. ನಮ್ಮ ಕೇರಿಗಳಲ್ಲಿ ಕುರ್ಸಿನ (ಶಿಲುಬೆಯ) ಮುಂದೆ ಮೇಣದ ಬತ್ತಿ ಹಚ್ಚಿ, ಗುರುಗಳಿಲ್ಲದೆಯೂ ಲದಾಯಿನ್ ಹಾಡಿ, ಬೇಯಿಸಿದ ಕಡಲೆ ಹಂಚಿ ಮನೆಗೆ ಹೋಗುತ್ತಿದ್ದ ಕಾಲ ನಿಮಗೂ ನೆನಪಿದ್ದೀತು. ಅದೇ ಸರದಿಯನ್ನು ಫೋನಿಗೆ ತನ್ನಿ. ಮಗನೇ ಹೇಳಲಿ, ನೀವು ಉತ್ತರ ಕೊಡಿ. ಕರೆಯುವ ಪಾಲು ಅವನದಾದರೆ ಅವನು ತಪ್ಪಿಸುವುದೂ ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿನ ಕಾನೂನು ಬೇರೆ. ತನ್ನ ಕೋಣೆಯಲ್ಲಿ, ತನ್ನಷ್ಟಕ್ಕೆ, ಮೆಲುದನಿಯಲ್ಲಿ ಹೇಳಿಕೊಳ್ಳಲಿ. ನಾಲ್ಕು ಜನರನ್ನು ಗುಂಪು ಸೇರಿಸಿ ನಡೆಸು ಎಂದು ನೀವು ಒತ್ತಾಯ ಮಾಡಬೇಡಿ.

ಪ್ರಶ್ನೆ: ನಾನು ಕನಕಪುರ ತಾಲೂಕಿನ ಹಾರೋಬೆಲೆಯವಳು, ಅಂಕೋಲಾ ಕಡೆಯ ಶಾಲೆಯಲ್ಲಿ ಶಿಕ್ಷಕಿ. ನಮ್ಮೂರಲ್ಲಿ ಬಲಿಪೂಜೆ, ಜಪಸರ, ಶುಭಶುಕ್ರವಾರದ ಹೊತ್ತಿನ ನಾಟಕ ಎಲ್ಲವೂ ಕನ್ನಡ. ಇಲ್ಲಿ ಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ. ಜನ ಒಳ್ಳೆಯವರು, ಆದರೆ ಅವರು ಹಾಡುವಾಗ ನಾನು ಹೊರಗಿನವಳಂತೆ ನಿಂತಿರುತ್ತೇನೆ. ನನ್ನದೇ ರಾಜ್ಯದಲ್ಲಿದ್ದು, ನನ್ನದೇ ಧರ್ಮದ ಇಗರ್ಜಿಯಲ್ಲಿ ನಿಂತು ಪರದೇಶಿ ಅನಿಸಿದರೆ ಏನು ಮಾಡಲಿ?

ಉತ್ತರ: ಅಕ್ಕೋರೆ, ನಿಮ್ಮ ಪತ್ರ ಓದಿ ನನಗೆ ನಿಜವಾಗಿ ಬೇಸರವಾಯಿತು. ಪೂಜೆಯಲ್ಲಿ ತುಟಿ ಮುಚ್ಚಿ ನಿಲ್ಲುವುದು ಹಾಡಿ ಬೆಳೆದವರಿಗೆ ದೊಡ್ಡ ಶಿಕ್ಷೆ. ಇದರಲ್ಲಿ ನಿಮ್ಮ ತಪ್ಪಿಲ್ಲ, ಅವರ ತಪ್ಪೂ ಇಲ್ಲ. ಆದರೆ ಇದು ಹೀಗೇ ಇರಬೇಕಾಗಿಲ್ಲ.

ನಿಮ್ಮ ಪಕ್ಕದ ಬೆಂಚಿನವರ ಹಿಂದಿನ ಕತೆ ಕೇಳಿ. ಕಾರವಾರ, ಅಂಕೋಲಾ ಭಾಗದ ಕಥೋಲಿಕರಲ್ಲಿ ಬಹುಪಾಲು ಮನೆತನಗಳ ಹಿರಿಯರು ಹಲವು ತಲೆಮಾರುಗಳ ಹಿಂದೆ ಗೋವೆಯಿಂದ ಬಂದವರು. ಬರ, ಯುದ್ಧ, ಪೋರ್ಚುಗೀಸರ ಆಡಳಿತ, ಧರ್ಮವಿಚಾರಣೆಯ ಕಾಟ, ಹೊಲದಾಸೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ. ಕಾಳಿ ನದಿ ದಾಟಿ ಬಂದವರಿಗೂ ಈ ನೆಲ ಪರಸ್ಥಳವೇ ಆಗಿತ್ತು. ನೆಲ, ಗದ್ದೆ, ಸಂಬಂಧ ಎಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಹಳೆಯದೆಂದು ಉಳಿದದ್ದು ಪ್ರಾರ್ಥನೆ, ಆಡುವ ಮಾತು, ಹಾಡು. ಅದನ್ನು ಅವರು ಇಷ್ಟು ಬಿಗಿಯಾಗಿ ಹಿಡಿದಿರುವುದು ಅದಕ್ಕೇ. ನಿಮ್ಮನ್ನು ಹೊರಗಿಡುವ ಉದ್ದೇಶ ಅದರಲ್ಲಿಲ್ಲ.

ಈಗ ಕೆಲಸದ ಮಾತು. ಕರ್ನಾಟಕದ ಕೊಂಕಣಿ ಪೂಜಾಪುಸ್ತಕ, ಹಾಡಿನ ಪುಸ್ತಕಗಳು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಇವೆ. ನೀವು ಮೊದಲ ದಿನದಿಂದಲೇ ಓದಿ ಹಾಡಬಹುದು! ಅರ್ಥ ಆಮೇಲೆ ಬರಲಿ. ಪೂಜೆಯ ಕ್ರಮ ನಿಮಗೆ ಗೊತ್ತೇ ಇದೆ. ಯಾವ ಹೊತ್ತಿಗೆ ಕರುಣೆ ಬೇಡುತ್ತಾರೆ, ಯಾವಾಗ ಮಹಿಮೆ ಹಾಡುತ್ತಾರೆ, ಯಾವಾಗ ಪರಿಶುದ್ಧನೆಂದು ಮೂರು ಸಲ ಕೂಗುತ್ತಾರೆ ಎಂಬುದು ಹಾರೋಬೆಲೆಯಲ್ಲೂ ಒಂದೇ, ಅಂಕೋಲೆಯಲ್ಲೂ ಒಂದೇ. ಹಾಗಾಗಿ ಮಾತು ತಿಳಿಯದಿದ್ದರೂ ಏನು ಹೇಳುತ್ತಿದ್ದೇನೆ ಎಂಬುದು ನಿಮಗೆ ತಿಳಿದಿರುತ್ತದೆ. ವಾರಕ್ಕೊಂದು ಹಾಡಿನ ಪಲ್ಲವಿ ಹಿಡಿಯಿರಿ. ಶನಿವಾರ ಸಂಜೆಯ ಅಭ್ಯಾಸಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಶಾಲೆಯ ಮಕ್ಕಳು ನಿಮ್ಮ ಉಚ್ಚಾರ ತಿದ್ದಿದರೆ ತಿದ್ದಿಸಿಕೊಳ್ಳಿ. ಅಕ್ಕೋರಿಗೆ ಪಾಠ ಹೇಳುವ ಸಂತೋಷ ಆ ಮಕ್ಕಳಿಗೂ ಸಿಗಲಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಗುರುಗಳ ಹತ್ತಿರ ಹೋಗಿ ಪರಮಪ್ರಸಾದದ ಹೊತ್ತಿಗೆ ಒಂದು ಕನ್ನಡ ಗೀತೆ ಹಾಡಲು ಅವಕಾಶ ಕೇಳಿ. ಸಂಕೋಚ ಬೇಡ, ಇದನ್ನು ಕೇಳುವ ಹಕ್ಕು ನಿಮಗಿದೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪೂಜಾವಿಧಿಯ ಸಂವಿಧಾನ ಜನರ ಭಾಷೆಗೆ ಬಾಗಿಲು ತೆರೆಯಿತು. ಆಯಾ ನಾಡಿನ ಸಂಗೀತಕ್ಕೆ ತಕ್ಕ ಗೌರವ ಕೊಡಬೇಕೆಂದು ಅದರ 119ನೆಯ ಕಲಮಿನಲ್ಲೇ ಇದೆ. ಅದಕ್ಕೆ ಮೊದಲು ಹಾರೋಬೆಲೆಯವರೂ ಅವರ್ಸಾದವರೂ ಒಂದೇ ಲ್ಯಾಟಿನ್ ಕೇಳುತ್ತಿದ್ದರು. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತ್ಯದಲ್ಲಿ ಕರಾವಳಿಯೂ ಇದೆ, ಘಟ್ಟದ ಮೇಲಿನ ಸೀಮೆಯೂ ಇದೆ. ಕನ್ನಡ ಅದಕ್ಕೆ ಅಪರಿಚಿತವಲ್ಲ.

ಕನ್ನಡದಲ್ಲಿ ಕ್ರಿಸ್ತನನ್ನು ಹಾಡಲು ಹೆಣಗಿದವರಲ್ಲಿ ದೂರದಿಂದ ಬಂದವರೂ ಇದ್ದರು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದ ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1894ರ ನಿಘಂಟಿನಿಂದ ಎಲ್ಲರಿಗೂ ಗೊತ್ತು. ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಪುಸ್ತಕ ತಂದು ಯೇಸುವಿನ ಬದುಕನ್ನು ನಮ್ಮ ನಾಡಿನ ಪದ್ಯದ ಧಾಟಿಯಲ್ಲೇ ಹೇಳಿದರು ಎನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ತನ್ನೂರಿನ ರಾಗವನ್ನೇ ಇಲ್ಲಿನವರಿಗೆ ಕಲಿಸಿ ಸುಮ್ಮನಾಗಬಹುದಿತ್ತು, ಆಗಲಿಲ್ಲ. ಇಲ್ಲಿನ ಛಂದಸ್ಸು ಕಲಿತು ಅದರಲ್ಲಿ ಹಾಡಿದರು. ನೀವೂ ಕೊಂಕಣಿ ಕಲಿಯಿರಿ, ಅವರಿಗೆ ಹಾರೋಬೆಲೆಯ ಹಾಡು ಕಲಿಸಿ. ಮನೆಯಲ್ಲಿ ಒಬ್ಬರೇ ಇರುವಾಗ ಮಾತ್ರ ಕನ್ನಡದಲ್ಲೇ ಜಪಸರ ಹೇಳಿಕೊಳ್ಳಿ. ಅಮ್ಮನ ದನಿ ಇರುವುದು ಅಲ್ಲಿ.

ಪ್ರಶ್ನೆ: ನಾನು ಅಂಕೋಲಾದ ಹುಡುಗ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ದೇನೆ. ಅಜ್ಜನ ಗುಮಟೆ ಮನೆಯಲ್ಲಿದೆ, ಕೊಂಡೊಯ್ಯುವ ಆಸೆ. ಆದರೆ ಗುಮಟೆ ಹಾಲಕ್ಕಿ ಗೌಡರದ್ದು, ಕ್ರೈಸ್ತರದ್ದಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಇಬ್ಬರದ್ದೂ ಹೌದು. ಹಾಲಕ್ಕಿಯವರ ಗುಮಟೆ ಪಾಂಗ್ ಅಂಕೋಲೆಯ ಹೆಮ್ಮೆ. ಗೋವೆಯಲ್ಲಿ ಇದೇ ವಾದ್ಯ ದೇವಸ್ಥಾನದಲ್ಲಿ ಆರತಿಗೂ ಬೇಕು, ಕ್ರೈಸ್ತರ ಮಾಂಡೊ ಹಾಡಿಗೆ ಪಿಟೀಲಿನ ಜೊತೆಗೂ ಬೇಕು. 2019ರಲ್ಲಿ ಗೋವಾ ಸರಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಕೊಂಕಣಿ ಕಥೋಲಿಕರ ಮದುವೆಮನೆಗಳಲ್ಲಿ ಅದು ಮೊಳಗುತ್ತ ಬಂದಿದೆ. ಮಣ್ಣಿನ ಮಡಕೆಗೆ ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಸಣ್ಣದು ತೆರೆದಿರುತ್ತದೆ. ಬಲಗೈ ಚರ್ಮದ ಮೇಲೆ ಬಡಿಯುವಾಗ ಎಡ ಅಂಗೈ ಆ ಸಣ್ಣ ಬಾಯನ್ನು ಮುಚ್ಚಿ ತೆರೆದು ಮಾಡುತ್ತದೆ. ಗುಂ ಎನ್ನುವ ದನಿ ಉಬ್ಬಿ ಇಳಿಯುವುದು ಆ ಎಡಗೈಯ ಚಳಕದಿಂದ. ಹೊರಡುವ ಮೊದಲು ಊರಿನ ಬಲ್ಲವರ ಹತ್ತಿರ, ಅವರು ಹಾಲಕ್ಕಿಯವರಾದರೆ ಇನ್ನೂ ಒಳ್ಳೆಯದು, ಕುಳಿತು ಎಡಗೈ ಕಲಿತುಕೊಂಡು ಹೋಗಿ. ಬಲಗೈ ತಾನಾಗಿ ಬರುತ್ತದೆ.

ಅಜ್ಜನ ಗುಮಟೆಗೆ ಉಡದ ಚರ್ಮ ಇರುವ ಸಾಧ್ಯತೆ ಹೆಚ್ಚು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅಂಥದ್ದನ್ನು ಊರೂರು ಹೊತ್ತು ತಿರುಗುವುದು ಬೇಡ. ಈಗ ಆಡಿನ ಚರ್ಮದ ಗುಮಟೆ ಸಿಗುತ್ತದೆ, ಅದನ್ನೇ ಒಯ್ಯಿರಿ. ದನಿ ಸ್ವಲ್ಪ ಬೇರೆ, ಆದರೆ ಚೆನ್ನಾಗಿಯೇ ಇದೆ.

ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಯಾಕೆ ಬೇಕು ಈ ವಾದ್ಯ ಎಂದು ಯಾರಾದರೂ ಕೇಳಿದರೆ ನಮ್ಮದೇ ಜಿಲ್ಲೆಯ ಸಿದ್ದಿಗಳ ಕತೆ ಹೇಳಿ. ಅವರ ಹಿರಿಯರನ್ನು ಆಫ್ರಿಕಾದಿಂದ ತಂದರು, ಅನೇಕರನ್ನು ಗೋವೆಯಲ್ಲಿ ಗುಲಾಮರಾಗಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿಗೆ ಬಂದು ನೆಲೆ ನಿಂತರು. ತಾಯ್ನಾಡಿನ ಭಾಷೆ ಹೋಯಿತು, ದೇವರ ಹೆಸರೂ ಬದಲಾಯಿತು. ಇವತ್ತು ಅವರಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಆದರೂ ಡಮಾಮಿ ಡೋಲಿನ ಬಡಿತಕ್ಕೆ ಮೂವರೂ ಕುಣಿಯುತ್ತಾರೆ.

ಪ್ರಶ್ನೆ: ನಮ್ಮದು ಕಾರವಾರದಲ್ಲಿ ಮಹಡಿ ಮನೆ. ಮೇಲೆ ಬಾಡಿಗೆಗೆ ನೌಕಾನೆಲೆಯ ಕುಟುಂಬವಿದೆ, ಮಿಜೋರಾಂನವರು. ಗಂಡ ಹಡಗಿನ ಮೇಲೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಆ ಹುಡುಗಿ ಸಂಜೆ ಒಬ್ಬಳೇ ಹಾಡುತ್ತಾಳೆ, ಬಹಳ ಇಂಪು. ಕೆಲವು ದಿನ ನಡುವೆ ಅಳುವುದು ಕೇಳುತ್ತದೆ. ನಾವು ಹಿಂದೂಗಳು, ಅವಳ ಭಾಷೆಯೂ ಬಾರದು. ಕ್ರಿಸ್‌ಮಸ್ ಹತ್ತಿರ ಬಂತು. ನಾವೇನು ಮಾಡಬಹುದು?

ಉತ್ತರ: ನೀವು ಕೇಳಿಸಿಕೊಂಡಿರಿ, ಕೇಳಿಸಿಕೊಂಡು ಸುಮ್ಮನಿರಲಾರದೆ ಬರೆದಿರಿ. ನಿಮಗೆ ಕೈಮುಗಿಯುತ್ತೇನೆ. ಕಾರವಾರಕ್ಕೆ ಹೊರಗಿನವರು ಬಂದು ನೆಲೆಸುವುದು ಇವತ್ತಿನದಲ್ಲ. ರವೀಂದ್ರನಾಥ ಟಾಗೋರರು ಹರೆಯದಲ್ಲಿ ಇಲ್ಲಿಗೆ ಬಂದು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಇದ್ದು ನಾಟಕ ಬರೆದರು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ ಮೇಲಂತೂ, ಕೈಗಾ ಅಣುಸ್ಥಾವರದವರೂ ಸೇರಿ, ದೇಶದ ಮೂಲೆಮೂಲೆಯವರು ನಮ್ಮ ನೆರೆಯಲ್ಲಿದ್ದಾರೆ.

ಮಿಜೋರಾಂನಲ್ಲಿ ಹಾಡು ಒಬ್ಬರ ಕೆಲಸವಲ್ಲ ಎಂಬುದನ್ನು ನೀವು ತಿಳಿದಿರಬೇಕು. 1890ರ ದಶಕದಲ್ಲಿ ಅಲ್ಲಿಗೆ ಬಂದ ಮಿಷನರಿಗಳಿಂದ, ಅದರಲ್ಲೂ ವೇಲ್ಸ್‌ನವರಿಂದ, ಜನ ಸ್ವರಾಕ್ಷರ ನೋಡಿ ನಾಲ್ಕು ದನಿಯಲ್ಲಿ ಹಾಡುವುದನ್ನು ಕಲಿತರು. ಆಮೇಲೆ ತಮ್ಮದೇ ‘ಖುಆಂಗ್’ ಡೋಲನ್ನು ಚರ್ಚಿನೊಳಗೆ ತಂದು, ಸುತ್ತ ನೆರೆದು ಗಂಟೆಗಟ್ಟಲೆ ಒಟ್ಟಾಗಿ ಹಾಡುವ ‘ಲೆಂಗ್‌ಖಾಮ್’ ಪದ್ಧತಿ ಬೆಳೆಸಿದರು. ಊರಿಗೆ ಊರೇ ಹಾಡುವಲ್ಲಿ ಹುಟ್ಟಿದ ಹುಡುಗಿ ನಾಲ್ಕು ದನಿಯಲ್ಲಿ ಒಂದನ್ನು ಮಾತ್ರ ಹಾಡುತ್ತಿದ್ದಾಳೆ. ಉಳಿದ ಮೂರು ಅವಳಿಗೆ ಮನಸ್ಸಿನಲ್ಲಿ ಕೇಳುತ್ತವೆ. ಅಳು ಬರುವುದು ಅಲ್ಲೇ ಇರಬೇಕು ಎಂದು ನನ್ನ ಊಹೆ.

ಅಳುವಾಗ ಹೋಗಿ ಬಾಗಿಲು ತಟ್ಟಬೇಡಿ, ನಾಚಿಕೆಯಾದೀತು. ಮರುದಿನ ಏನಾದರೂ ತಿಂಡಿ ತೆಗೆದುಕೊಂಡು ಹೋಗಿ, ನಿನ್ನ ಹಾಡು ಚೆನ್ನಾಗಿರುತ್ತದೆ, ನಮ್ಮ ಎದುರು ಒಮ್ಮೆ ಹಾಡುತ್ತೀಯಾ ಎನ್ನಿ. ಹರಕು ಹಿಂದಿ ಸಾಕು. ನೌಕಾನೆಲೆಯಲ್ಲಿ ಈಶಾನ್ಯದ ಬೇರೆ ಕುಟುಂಬಗಳಿದ್ದರೆ ಅವರನ್ನು ಒಂದು ಸಂಜೆ ನಿಮ್ಮ ಜಗಲಿಗೆ ಕರೆಯಲು ಅವಳಿಗೆ ಹೇಳಿ. ಅವರ ಕಡೆ ಕ್ರಿಸ್‌ಮಸ್ ಎಂದರೆ ಇಡೀ ಊರು ಒಟ್ಟಿಗೆ ಅಡಿಗೆ ಮಾಡಿ ಒಟ್ಟಿಗೆ ಉಣ್ಣುವ ಹಬ್ಬ. ಹಾಗಾಗಿ ಸಿದ್ಧ ಕೇಕ್ ತಂದು ಕೊಡುವುದಕ್ಕಿಂತ ನಿಮ್ಮ ಅಡಿಗೆಮನೆಯ ಒಂದು ಒಲೆಯನ್ನು ಅವಳಿಗೆ ಬಿಟ್ಟುಕೊಡಿ. ನಿಮ್ಮ ಮನೆಯಲ್ಲಿ ಮಾಂಸ ನಡೆಯದಿದ್ದರೆ ಅದನ್ನು ಮೊದಲೇ ಹೇಳಿಬಿಡಿ, ಮಹಡಿಯ ಮೇಲೆ ಮಾಡಲಿ, ಅನ್ನ ನಿಮ್ಮ ಮನೆಯಿಂದ ಹೋಗಲಿ.

ಪ್ರಶ್ನೆ: ಸದಾಶಿವಗಡದವಳು, ಕುವೈತ್‌ನಲ್ಲಿ ನರ್ಸ್. ಅಮ್ಮ ತೀರಿಕೊಂಡಾಗ ರಜೆ ಸಿಗಲಿಲ್ಲ. ಮಣ್ಣು ಕೊಡುವುದನ್ನು ಫೋನಿನಲ್ಲಿ ನೋಡಿದೆ. ಅಂದು ಇಗರ್ಜಿಯಲ್ಲಿ ಹಾಡಿದ ಹಾಡನ್ನು ಈಗ ಎಲ್ಲೇ ಕೇಳಿದರೂ ಎದ್ದು ಹೊರಗೆ ಹೋಗುತ್ತೇನೆ. ಕೊಯರ್ ಬಿಟ್ಟಿದ್ದೇನೆ. ಪ್ರಾರ್ಥನೆಗೂ ಬಾಯಿ ಬರುವುದಿಲ್ಲ. ದೇವರ ಮೇಲೆ ಸಿಟ್ಟು ಅಂತಲೂ ಅಲ್ಲ. ಏನೂ ಇಲ್ಲ.

ಉತ್ತರ: ತಂಗೀ, ಹಾಡು ಅನ್ನಲಾರೆ. ಹಾಡಬೇಡ.

ಬೈಬಲಿನ ಕೀರ್ತನೆಗಳಲ್ಲಿ 137ನೆಯದನ್ನು ತೆಗೆದು ಓದು. ಊರು ಸುಟ್ಟು, ಬಾಬಿಲೋನಿಗೆ ಸೆರೆಯಾಗಿ ಹೋದವರು ನದಿಯ ದಡದಲ್ಲಿ ಕುಳಿತು ಅಳುತ್ತಾರೆ. ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ್ದಾರೆ. ಹಾಡಿ ಎಂದವರಿಗೆ, ಪರರ ನೆಲದಲ್ಲಿ ಹೇಗೆ ಹಾಡಲಿ ಎಂದು ಕೇಳುತ್ತಾರೆ. ಅವರನ್ನು ಅಲ್ಲಿ ಯಾರೂ ಗದರಿಸುವುದಿಲ್ಲ, ವಿಶ್ವಾಸ ಸಾಲದು ಎನ್ನುವುದಿಲ್ಲ. ಹಾಡಲಾರೆವು ಎಂದ ಆ ಮಾತನ್ನೇ ಪ್ರಾರ್ಥನೆಯೆಂದು ಇಷ್ಟು ಶತಮಾನ ಉಳಿಸಿಕೊಂಡಿದ್ದೇವೆ. ನಿನ್ನ ಪತ್ರದ ಕೊನೆಯ ಎರಡು ಪದವನ್ನು ಹಾಗೆಯೇ ದೇವರ ಮುಂದೆ ಇಡು. ಅದಕ್ಕಿಂತ ಹೆಚ್ಚಿಗೆ ಈಗ ನಿನ್ನಿಂದ ಯಾರೂ ಕೇಳಬಾರದು.

ಆದರೆ ಶುಕ್ರವಾರದ ಪೂಜೆಗೆ ಹೋಗುವುದನ್ನು ಬಿಡಬೇಡ. ಕೊಯರಿನಲ್ಲಿ ನಿಲ್ಲದಿದ್ದರೂ ಜೋರಾಗಿ ಹಾಡುವ ಯಾರದಾದರೂ ಪಕ್ಕದಲ್ಲಿ ನಿಲ್ಲು. ಉಸಿರು ಎಳೆದುಕೊಳ್ಳಲು ಗಾಯಕರು ಬೇರೆಬೇರೆ ಕಡೆ ನಿಲ್ಲಿಸುತ್ತಾರೆ, ಒಬ್ಬರು ನಿಲ್ಲಿಸಿದಾಗ ಉಳಿದವರು ಹಾಡುತ್ತಿರುತ್ತಾರೆ, ಕೇಳುವವರಿಗೆ ಎಲ್ಲೂ ತುಂಡಾಗುವುದಿಲ್ಲ. ಕೊಯರಿನಲ್ಲಿದ್ದವಳು ನೀನು, ನಿನಗೆ ಇದು ಗೊತ್ತು. ಈಗ ನೀನು ಉಸಿರು ಎಳೆದುಕೊಳ್ಳುವ ಹೊತ್ತು. ಉಳಿದವರು ಹಾಡಲಿ.

ಆ ಒಂದು ಹಾಡು ಬಂದಾಗ ಎದ್ದು ಹೋಗುತ್ತೀಯಲ್ಲ, ಹೋಗು. ಬಾಗಿಲವರೆಗೆ ಹೋಗಿ ನಿಲ್ಲಲು ಆದರೆ ನಿಲ್ಲು, ಆಗದಿದ್ದರೆ ಬೇಡ. ವರ್ಷದ ಪೂಜೆಗೆ ರಜೆಯನ್ನು ಈಗಲೇ ಕೇಳಿಡು. ಊರಿಗೆ ಹೋಗಿ ಅಮ್ಮನ ಗೋರಿಯ ಹತ್ತಿರ ನಿಲ್ಲುವುದು ಆಗಬೇಕಾದ ಕೆಲಸ, ಅದು ಬಾಕಿ ಇದೆ. ಅಂದು ಯಾವ ಹಾಡು ಹಾಡಬೇಕೆಂದು ನೀನೇ ಆರಿಸು, ಊರಿನ ಕೊಯರಿನವರಿಗೆ ಮೊದಲೇ ತಿಳಿಸು. ಅಮ್ಮ ಅಡಿಗೆಮನೆಯಲ್ಲಿ ಗುನುಗುತ್ತಿದ್ದ ಹಾಡು ಯಾವುದಾದರೂ ಇದ್ದೀತು.

ಇನ್ನೊಂದು ಮಾತು, ನೀನು ನರ್ಸ್ ಆದ್ದರಿಂದ ನೇರವಾಗಿ ಹೇಳುತ್ತೇನೆ. ‘ಏನೂ ಇಲ್ಲ’ ಎನ್ನುವ ಈ ಸ್ಥಿತಿಯ ಜೊತೆಗೆ ನಿದ್ದೆ, ಊಟ ಕೆಟ್ಟು ವಾರಗಳಾಗಿದ್ದರೆ, ಬದುಕೇ ಬೇಡ ಅನಿಸಿದ್ದರೆ ಇವತ್ತೇ ವೈದ್ಯರನ್ನು ನೋಡು. ನಿನ್ನ ಆಸ್ಪತ್ರೆಯಲ್ಲೇ ದಾರಿ ಇರುತ್ತದೆ. ಊರಲ್ಲಿ ನಿನ್ನಪ್ಪ, ತಮ್ಮಂದಿರೂ ಇದೇ ದುಃಖದಲ್ಲಿದ್ದರೆ ಅವರು ಭಾರತದೊಳಗಿಂದ ಟೆಲಿಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಔಷಧಿ ತೆಗೆದುಕೊಂಡರೆ ಪ್ರಾರ್ಥನೆಯ ಮೇಲೆ ನಂಬಿಕೆ ಇಲ್ಲವೆಂದು ಅರ್ಥವಲ್ಲ. ಹಾಗೆ ಹೇಳುವವರು ಯಾವ ಗುಂಪಿನವರೇ ಆಗಿರಲಿ, ಅವರ ಮಾತು ಕೇಳಬೇಡ.

ಪ್ರಶ್ನೆ: ಮಗಳು ಜೂನ್‌ನಲ್ಲಿ ನರ್ಸಿಂಗ್ ಓದಲು ಹೊರಡುತ್ತಾಳೆ. ಮೊದಲ ಸಲ ಮನೆ ಬಿಡುವುದು. ಬಟ್ಟೆ, ಪುಸ್ತಕ, ಉಪ್ಪಿನಕಾಯಿ ಎಲ್ಲ ಆಗುತ್ತದೆ. ವಿಶ್ವಾಸದ ಬಗ್ಗೆ ಏನು ಕಟ್ಟಿಕೊಡಲಿ? — ಅಂಕೋಲಾದ ಒಬ್ಬ ಅಪ್ಪ

ಉತ್ತರ: ಉಪದೇಶ ಬೇಡ. ಐದಾರು ಹಾಡು, ಎಲ್ಲ ಚರಣಗಳೂ, ಪುಸ್ತಕ ನೋಡದೆ ಬರುವಂತಾಗಲಿ. ಬೆಳಗಿನದೊಂದು, ಮಲಗುವ ಮುನ್ನದ್ದೊಂದು, ತಪಸ್ಸುಕಾಲದ್ದೊಂದು, ಕ್ರಿಸ್‌ಮಸ್ಸಿನದೊಂದು, ಸತ್ತವರಿಗಾಗಿ ಹಾಡುವುದೊಂದು. ಕೊನೆಯದನ್ನು ಬಿಡಬೇಡಿ. ಆಸ್ಪತ್ರೆಯ ಕೆಲಸಕ್ಕೆ ಹೋಗುವವಳಿಗೆ ಅದು ಬೇಗ ಬೇಕಾಗುತ್ತದೆ. ಜೊತೆಗೆ ಎರಡನೆಯ ದನಿಯನ್ನೂ ಕಲಿಸಿ, ಯಾವ ಊರಿನ ಕೊಯರಿನಲ್ಲೂ ಎರಡನೆಯ ದನಿಯವರಿಗೆ ಕೊರತೆ ಇದ್ದೇ ಇರುತ್ತದೆ, ಮೊದಲ ಭಾನುವಾರವೇ ಜಾಗ ಸಿಗುತ್ತದೆ. ಅಲ್ಲಿನ ಗುರುಗಳಿಗೆ ನಿಮ್ಮ ಗುರುಗಳಿಂದ ಒಂದು ಕಾಗದ ಬರೆಸಿ ಅವಳ ಕೈಯಲ್ಲಿ ಕೊಡಿ. ಕಲಿಸುವಾಗ ನೀವೂ ಜೊತೆಗೆ ಹಾಡಿ, ದನಿ ಹೇಗೇ ಇರಲಿ. ಜೂನ್‌ಗೆ ಇನ್ನೂ ಸಮಯವಿದೆ, ಇವತ್ತು ರಾತ್ರಿ ಊಟಕ್ಕೆ ಕೂರುವ ಮೊದಲು ಮಲಗುವ ಮುನ್ನದ ಹಾಡಿನಿಂದ ಶುರುಮಾಡಿ.